ಮಗುವಿಗೆ ನಮ್ಮ ರಜೆಯ ಲೆಕ್ಕ ಗೊತ್ತಿಲ್ಲ

(ನಮ್ಮ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)





ಇವತ್ತಿನ ವಿಷಯ ಮದ್ದು ಕೊಟ್ಟು ಹೆರಿಗೆ ನೋವು ಬರಿಸುವುದು. ಅದರ ಬಗ್ಗೆ ಅಕೌಂಟೆಂಟಿಗೆ ಎಂತ ಗೊತ್ತು ಅಂತ ನೀವು ಕೇಳಬಹುದು, ಕೇಳುವುದು ಸರಿಯೇ. ನಾವು ಬಿ.ಕಾಂ. ಓದಿ ವೋಚರು, ಲೆಡ್ಜರು ನೋಡಿಕೊಂಡು ಬಂದವರು. ಯಾರಿಗೆ ಯಾವ ಮದ್ದು ಅಂತ ಹೇಳುವ ಕೆಲಸ ನಮ್ಮದಲ್ಲ, ಅದು ಡಾಕ್ಟರದ್ದು. ಆದರೆ ದಿನ, ಗಂಟೆ, ಹಣ, ಕಾಗದಪತ್ರ ಇವುಗಳ ಲೆಕ್ಕ ತಪ್ಪಿ ನಮ್ಮ ಹುಡುಗರು ಒದ್ದಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಇಲ್ಲಿ ನಿಂತಿದ್ದೇವೆ.

ನಮಗೆ ಬರುವ ಫೋನುಗಳು ಹೆಚ್ಚಾಗಿ ಹೀಗಿರುತ್ತವೆ. ಕ್ಯಾಂಪಿನಿಂದ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾನೆ. "ಕಾಕ, ಊರಲ್ಲಿ ಅವಳನ್ನು ಬೆಳಿಗ್ಗೆ ಅಡ್ಮಿಟ್ ಮಾಡಿದ್ದಾರೆ. ನೋವಿಗೆ ಜೆಲ್ ಇಟ್ಟಿದ್ದಾರಂತೆ. ಇಷ್ಟು ಹೊತ್ತಾದರೂ ಹೆರಿಗೆ ಆಗಲಿಲ್ಲ. ನನ್ನಿಂದ ಏನೋ ಮುಚ್ಚಿಡ್ತಾ ಇದ್ದಾರೆ ಅಂತ ಕಾಣ್ತದೆ." ಊರಲ್ಲಿ ಆಗ ರಾತ್ರಿ ಹನ್ನೆರಡೂವರೆ. ಅತ್ತೆ ಲೇಬರ್ ವಾರ್ಡಿನ ಹೊರಗೆ ಬೆಂಚಿನಲ್ಲಿ ಕುಳಿತಿದ್ದಾರೆ. ಹೆಂಡತಿಯ ಫೋನ್ ಸ್ವಿಚ್ ಆಫ್. ನಿಜ ಹೇಳಬೇಕಾದರೆ ಅಲ್ಲಿ ಯಾರೂ ಏನೂ ಮುಚ್ಚಿಟ್ಟಿರುವುದಿಲ್ಲ. ಜೆಲ್ ಇಟ್ಟು ಹದಿನೈದು ಗಂಟೆ ಕಳೆದರೂ ಹೆರಿಗೆ ಆಗದಿರುವುದು ಚೊಚ್ಚಲಲ್ಲಿ ತೀರಾ ಸಾಮಾನ್ಯ. ಇದನ್ನು ಹುಡುಗನಿಗೆ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ.

ಡಾಕ್ಟರು ಕೊಡುವ ಡೇಟ್

ಮೊದಲು ಡೇಟಿನಿಂದ ಶುರು ಮಾಡುವ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಡೇಟ್ ಕೊಡುತ್ತಾರೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಇದ್ದರೆ ಅದರ ಜೊತೆ ತಾಳೆ ನೋಡುತ್ತಾರೆ. ಆದ್ದರಿಂದ ಆ ಮೊದಲ ಸ್ಕ್ಯಾನಿನ ರಿಪೋರ್ಟನ್ನು ಬಿಸಾಡಬೇಡಿ. ಆದರೆ ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು 5 ಮಾತ್ರ. 37 ವಾರ ತುಂಬಿದಲ್ಲಿಂದ 42 ವಾರದೊಳಗೆ ಯಾವಾಗ ಬೇಕಾದರೂ ತಾನಾಗಿ ನೋವು ಬರಬಹುದು.

ಈಗ ಲೆಕ್ಕ ಹಾಕಿ. 37ರಿಂದ 42 ಅಂದರೆ 35 ದಿನ. ನಮಗೆ ಕಂಪೆನಿ ಕೊಡುವುದು 30 ದಿನದ ರಜೆ. ಪೂರ್ತಿ ರಜೆಯನ್ನು ಅಲ್ಲಿಗೇ ಹಾಕಿದರೂ ಹೆರಿಗೆ ಅದರೊಳಗೆ ಆಗುತ್ತದೆ ಅಂತ ಖಾತ್ರಿ ಇಲ್ಲ. ನಮ್ಮ ತೊಂದರೆಯೆಲ್ಲ ಶುರುವಾಗುವುದು ಇಲ್ಲಿಂದ.

ನೋವು ಯಾಕೆ ಬರಿಸುತ್ತಾರೆ?

ಕಾರಣ ಹಲವು ಉಂಟು. ಡೇಟ್ ಕಳೆದು 41 ವಾರ ತುಂಬಿದರೆ ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಕೊಟ್ಟಿದೆ. ಅದಕ್ಕಿಂತ ಹೆಚ್ಚು ಕಾದಷ್ಟೂ ಮಗುವಿಗೆ ಅಪಾಯ ಏರುತ್ತಾ ಹೋಗುತ್ತದೆ. ತಾಯಿಗೆ ಬಿಪಿ ಏರಿದರೆ, ಶುಗರ್ ಹಿಡಿತಕ್ಕೆ ಬಾರದಿದ್ದರೆ, ನೋವಿಲ್ಲದೆ ನೀರು ಒಡೆದು ಹೋದರೆ, ಒಳಗೆ ನೀರು ಕಡಿಮೆಯಾದರೆ, ಮಗುವಿನ ಬೆಳವಣಿಗೆ ನಿಂತರೆ, ಮಗು ಆಡುವುದು ಕಡಿಮೆಯಾದರೆ, ಆಗೆಲ್ಲ ಮಗು ಒಳಗೆ ಇರುವುದಕ್ಕಿಂತ ಹೊರಗೆ ಬರುವುದೇ ಒಳ್ಳೆಯದು ಅಂತ ಡಾಕ್ಟರು ತೀರ್ಮಾನಿಸುತ್ತಾರೆ. "ತಾನಾಗಿ ಬರುವ ನೋವೇ ನೋವು, ಇನ್ನೊಂದು ವಾರ ನೋಡುವ" ಅಂತ ಮನೆಯಿಂದ ಎಳೆದಾಡುವ ಹೊತ್ತಲ್ಲ ಅದು.

ಕೆಲವರಿಗೆ ನೋವು ಬರಿಸಲು ಆಗುವುದಿಲ್ಲ. ಕಸ ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಮಗು ಅಡ್ಡಕ್ಕೆ ಮಲಗಿದ್ದರೆ ಆಪರೇಷನ್ನೇ ದಾರಿ. ಮೊದಲಿನ ಹೆರಿಗೆ ಸಿಸೇರಿಯನ್ ಆಗಿದ್ದರೆ ಹಳೆಯ ಹೊಲಿಗೆ ಬಿಟ್ಟುಹೋಗುವ ಅಪಾಯ ಇರುವುದರಿಂದ ಕೆಲವು ಮದ್ದುಗಳನ್ನು ಕೊಡುವಂತೆಯೇ ಇಲ್ಲ. ಹಾಗಾಗಿ ಹಳೆಯ ಡಿಸ್ಚಾರ್ಜ್ ಕಾಗದ ಕೈಯಲ್ಲಿರಬೇಕು. ಮೊದಲ ಹೆರಿಗೆ ಊರಲ್ಲಿ, ಎರಡನೆಯದು ಇಲ್ಲಿ ಗಲ್ಫಿನಲ್ಲಿ ಅಂತ ಆದಾಗ ಆ ಕಾಗದ ಊರಿನ ಕಪಾಟಿನಲ್ಲೇ ಉಳಿದುಬಿಡುತ್ತದೆ. ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

ರಜೆಗೋಸ್ಕರ ನೋವು ಬರಿಸುವುದು

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಸ್ವಲ್ಪ ಖಾರ ಆಗಬಹುದು, ಕ್ಷಮಿಸಿ.

ರಜೆ ಮುಗಿಯಲು ಐದು ದಿನ ಉಂಟು. ಹೆಂಡತಿಗೆ 37 ವಾರ ತುಂಬಿ ಎರಡು ದಿನ ಆಗಿದೆ. ಆಗ ನಮ್ಮವರು ಡಾಕ್ಟರ ಹತ್ತಿರ ಹೋಗಿ, "ತಿಂಗಳು ತುಂಬಿತಲ್ಲ ಮೇಡಂ, ಒಂದು ಡ್ರಿಪ್ ಹಾಕಿ, ಮಗುವಿನ ಮುಖ ನೋಡಿ ಹೋಗುತ್ತೇನೆ" ಅಂತ ಕೇಳುತ್ತಾರೆ. ಮನೆಯ ಹಿರಿಯರೂ "ಪಾಪ, ಇನ್ನು ಎರಡು ವರ್ಷ ಬರುವುದಿಲ್ಲ" ಅಂತ ದನಿ ಸೇರಿಸುತ್ತಾರೆ. ಆ ಆಸೆಯಲ್ಲಿ ತಪ್ಪಿಲ್ಲ. ಮಗು ಹುಟ್ಟಿ ಒಂದೂವರೆ ವರ್ಷದ ನಂತರ ಮೊದಲ ಸಲ ಎತ್ತಿಕೊಂಡವರು, ಮಗು ತನ್ನನ್ನು ಕಂಡು ಹೆದರಿ ಅತ್ತದ್ದನ್ನು ನೋಡಿದವರು ಈ ಸಭೆಯಲ್ಲೇ ಇದ್ದಾರೆ. ಆ ನೋವು ಎಂತದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ 37 ವಾರದ ಮಗು ಮತ್ತು 39 ವಾರದ ಮಗು ಒಂದೇ ಅಲ್ಲ. ಆ ಕೊನೆಯ ಎರಡು ವಾರದಲ್ಲಿ ಶ್ವಾಸಕೋಶ ಪಕ್ವವಾಗುತ್ತದೆ, ಮೆದುಳು ಬೆಳೆಯುತ್ತದೆ, ಮೈಯಲ್ಲಿ ಕೊಬ್ಬು ತುಂಬುತ್ತದೆ. 39 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಲ್ಲಿ ಉಸಿರಾಟದ ತೊಂದರೆ, ಹಾಲು ಕುಡಿಯದಿರುವುದು, ಕಾಮಾಲೆ, ಮೈ ತಣ್ಣಗಾಗುವುದು, ಎನ್‌ಐಸಿಯುನಲ್ಲಿ ಇಡಬೇಕಾಗುವುದು ಹೆಚ್ಚು. ವೈದ್ಯಕೀಯ ಕಾರಣ ಇದ್ದರೆ ಆ ಅಪಾಯವನ್ನು ತೆಗೆದುಕೊಳ್ಳಲೇಬೇಕು, ಅದನ್ನು ಡಾಕ್ಟರು ತೂಗಿ ನೋಡುತ್ತಾರೆ. ಟಿಕೆಟಿನ ತಾರೀಕು ವೈದ್ಯಕೀಯ ಕಾರಣ ಅಲ್ಲ. ಮುಖ ನೋಡಿ ಹೋಗಬೇಕು ಅಂತ ಬರಿಸಿದ ಹೆರಿಗೆಯ ಮಗುವನ್ನು ಎನ್‌ಐಸಿಯು ಗಾಜಿನ ಹೊರಗಿನಿಂದ ನೋಡಿ ವಿಮಾನ ಹತ್ತುವ ಸ್ಥಿತಿ ಯಾರಿಗೂ ಬೇಡ.

39 ವಾರ ತುಂಬಿದ ಮೇಲಿನ ಮಾತು ಬೇರೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ 6,106 ಚೊಚ್ಚಲ ಬಸುರಿಯರ ಮೇಲೆ ನಡೆಸಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 39ನೇ ವಾರದಲ್ಲಿ ನೋವು ಬರಿಸುವ ಗುಂಪಿನಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಸಿಸೇರಿಯನ್ ಆಯಿತು, ಕಾಯುವ ಗುಂಪಿನಲ್ಲಿ ಸುಮಾರು 22 ಮಂದಿಗೆ. "ನೋವು ಬರಿಸಿದರೆ ಆಪರೇಷನ್ ಗ್ಯಾರಂಟಿ" ಅಂತ ನಮ್ಮಲ್ಲಿ ಒಂದು ಮಾತುಂಟು. ಅದು ಪೂರ್ತಿ ನಿಜವಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅದು ಎಲ್ಲ ಸೌಕರ್ಯ ಇದ್ದ ಆಸ್ಪತ್ರೆಗಳ ಅಧ್ಯಯನ. 39 ವಾರದ ನಂತರ ಹೆಂಡತಿಗೂ ಮನಸ್ಸಿದ್ದು, ಡಾಕ್ಟರೂ ಸರಿ ಅಂದರೆ ಮಾತಾಡಿ ನೋಡಬಹುದು. ಕೇಳಬೇಕಾದದ್ದು ಅವಳು. ಗಂಡನ ರಜೆಗೋಸ್ಕರ ಅವಳು ಒಪ್ಪುವ ಹಾಗೆ ಆಗಬಾರದು.

ಮತ್ತೊಂದು ಮಾತು. ಮನೆಯಲ್ಲೇ ಹರಳೆಣ್ಣೆ ಕುಡಿಸಿ ನೋವು ಬರಿಸಲು ಹೋಗಬೇಡಿ. ವಾಂತಿ, ಭೇದಿಯಾಗಿ ಹೆರಿಗೆಗೆ ಮೊದಲೇ ಅವಳ ಶಕ್ತಿ ಹೋಗುತ್ತದೆ. ಮೆಡಿಕಲ್‌ನಿಂದ ಮಾತ್ರೆ ತಂದು ಕೊಡುವುದು, ಮನೆಗೆ ಯಾರನ್ನಾದರೂ ಕರೆಸಿ ಇಂಜೆಕ್ಷನ್ ಚುಚ್ಚಿಸುವುದು ಇನ್ನೂ ಅಪಾಯ. ಗರ್ಭಕೋಶ ಹರಿಯಬಹುದು. ಹೆರಿಗೆಗೆ ಕೊಡುವ ಮಿಸೊಪ್ರೊಸ್ಟಾಲ್‌ನ ಒಂದು ಡೋಸ್ ಕೇವಲ 25 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸಿಗುವ 200 ಮೈಕ್ರೋಗ್ರಾಂ ಮಾತ್ರೆ ಅದರ ಎಂಟು ಪಟ್ಟು.

ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ?

ಅಡ್ಮಿಟ್ ಆದ ಮೇಲೆ ಮೊದಲು ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡುತ್ತಾರೆ. ಆಮೇಲೆ ಒಳಗೆ ಕೈ ಹಾಕಿ ಪರೀಕ್ಷೆ ಮಾಡುತ್ತಾರೆ. ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಅಂತ ನೋಡಿ ಅಂಕ ಹಾಕುತ್ತಾರೆ. ಬಿಷಪ್ ಸ್ಕೋರ್ ಅಂತ ಹೆಸರು, 13ರಲ್ಲಿ ಎಣಿಕೆ. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಾಯಿ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ಎಂಟರ ಮೇಲಿದ್ದರೆ ನೋವು ಬೇಗ ಹಿಡಿಯುವ ಸಾಧ್ಯತೆ ಹೆಚ್ಚು. ಫೋನಿನಲ್ಲಿ "ಹೆರಿಗೆ ಯಾವಾಗ" ಅಂತ ಕೇಳುವ ಬದಲು "ಬಾಯಿ ಎಷ್ಟು ತೆರೆದಿದೆಯಂತೆ" ಅಂತ ಕೇಳಿ. ಅದಕ್ಕೆ ಉತ್ತರ ಸಿಗುತ್ತದೆ.

ಬಾಯಿ ಗಟ್ಟಿ ಇದ್ದರೆ ಮೊದಲು ಅದನ್ನು ಮೆತ್ತಗೆ ಮಾಡಬೇಕು. ಕೆಲವು ಕಡೆ ಜೆಲ್ ಇಡುತ್ತಾರೆ, ಆರು ಗಂಟೆ ಬಿಟ್ಟು ನೋಡಿ ಬೇಕಾದರೆ ಮತ್ತೆ ಇಡುತ್ತಾರೆ. ಕೆಲವು ಕಡೆ ಮಾತ್ರೆ. ಇನ್ನು ಕೆಲವು ಕಡೆ ತೆಳು ರಬ್ಬರ್ ಟ್ಯೂಬ್ ಹಾಕಿ ಅದರ ತುದಿಯ ಬಲೂನಿಗೆ ನೀರು ತುಂಬಿಸುತ್ತಾರೆ, ಬಲೂನಿನ ಒತ್ತಡಕ್ಕೆ ಬಾಯಿ ನಿಧಾನ ತೆರೆಯುತ್ತದೆ. ಈ ಒಂದು ಹಂತಕ್ಕೇ 12 ಗಂಟೆ, ಕೆಲವೊಮ್ಮೆ 24 ಗಂಟೆ ಹಿಡಿಯಬಹುದು. ಈ ಹೊತ್ತಿನಲ್ಲಿ ಅವಳು ನಡೆದಾಡಬಹುದು, ಡಾಕ್ಟರು ಬೇಡ ಅನ್ನದಿದ್ದರೆ ಗಂಜಿಯಂತಹ ಹಗುರ ಆಹಾರ ತಿನ್ನಬಹುದು, ನಿದ್ದೆ ಮಾಡಬಹುದು. ನಿದ್ದೆ ಮಾಡಬೇಕು. ಆದ್ದರಿಂದ ಹತ್ತು ಜನ ಸರದಿಯಲ್ಲಿ ಫೋನ್ ಮಾಡಿ "ನೋವು ಬಂತಾ" ಅಂತ ಕೇಳಬೇಡಿ.

ಬಾಯಿ ತೆರೆದ ಮೇಲೆ ನೀರಿನ ಚೀಲವನ್ನು ಸಣ್ಣ ಕೊಕ್ಕೆಯಿಂದ ಒಡೆಯುತ್ತಾರೆ. ಬೆಚ್ಚಗಿನ ನೀರು ಹರಿಯುತ್ತದೆ. ನೀರು ಹಸಿರು ಬಣ್ಣ ಇದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಅಂತ ಲೆಕ್ಕ, ಆಗ ಇನ್ನೂ ಹೆಚ್ಚು ಗಮನ ಇಡುತ್ತಾರೆ. ಆಮೇಲೆ ಆಕ್ಸಿಟೋಸಿನ್ ಡ್ರಿಪ್. ಇದನ್ನೇ ನಮ್ಮವರು "ನೋವಿನ ಡ್ರಿಪ್" ಅನ್ನುವುದು. ಹನಿ ಹನಿಯಾಗಿ ಶುರು ಮಾಡಿ, ನೋವಿನ ಲೆಕ್ಕ ನೋಡಿಕೊಂಡು ಏರಿಸುತ್ತಾರೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಹೊಟ್ಟೆ ಬಿಗಿಯಾದರೆ ಮಗುವಿಗೆ ಆಮ್ಲಜನಕ ಸಾಲುವುದಿಲ್ಲ, ಆಗ ಡ್ರಿಪ್ ಇಳಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಅದಕ್ಕೇ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಿರುತ್ತಾರೆ. ಡ್ರಿಪ್ ನಿಲ್ಲಿಸಿದರು ಅಂದ ಕೂಡಲೇ ಕೇಸು ಕೈಮೀರಿತು ಅಂತ ಊರಿಡೀ ಸುದ್ದಿ ಮಾಡಬೇಕಾಗಿಲ್ಲ.

ಹೀಗೆ ಬರಿಸಿದ ನೋವು ತಾನಾಗಿ ಬರುವ ನೋವಿಗಿಂತ ಹೆಚ್ಚು ಅನಿಸಬಹುದು. ತಾನಾಗಿ ಬರುವಾಗ ನೋವು ಮೆಲ್ಲ ಮೆಲ್ಲ ಏರುತ್ತದೆ, ಮೈಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಡ್ರಿಪ್‌ನಲ್ಲಿ ಬೇಗ ಜೋರಾಗುತ್ತದೆ. ನೋವು ಕಡಿಮೆ ಮಾಡುವ ಇಂಜೆಕ್ಷನ್ ಉಂಟು, ಬೆನ್ನಿಗೆ ಕೊಡುವ ಎಪಿಡ್ಯೂರಲ್ ಕೆಲವು ಆಸ್ಪತ್ರೆಗಳಲ್ಲಿ ಉಂಟು. ಅದನ್ನು ಕೇಳುವುದು ನಾಚಿಕೆಯಲ್ಲ. "ನಾವು ಎಂಟು ಹೆತ್ತಿದ್ದೇವೆ, ನಿಮಗೆ ಎಂತ" ಅಂತ ಹಿರಿಯ ಹೆಂಗಸರು ಆ ಹೊತ್ತಿನಲ್ಲಿ ಹೇಳದಿದ್ದರೆ ದೊಡ್ಡ ಉಪಕಾರ.

ಹೆಣ್ಣು ಡಾಕ್ಟರೇ ಬೇಕು ಅನ್ನುವವರು ಮೊದಲೇ ವಿಚಾರಿಸಿ. ನೋವು ಬರಿಸುವುದು ದಿನ ಗೊತ್ತು ಮಾಡಿ ನಡೆಯುವ ಕೆಲಸವಾದ್ದರಿಂದ ರಾತ್ರಿ ಡ್ಯೂಟಿಯಲ್ಲಿ ಯಾರು ಅಂತ ಕೇಳಲು ಅವಕಾಶ ಇರುತ್ತದೆ. ಪರದೆ ಎಳೆಯಿರಿ, ಪರೀಕ್ಷೆಗೆ ಮೊದಲು ಹೇಳಿ ಅಂತ ಕೇಳುವುದು ಅವಳ ಹಕ್ಕು.

ಇಷ್ಟೆಲ್ಲ ಮಾಡಿಯೂ ಬಾಯಿ ತೆರೆಯದಿದ್ದರೆ? ಮಗು ಚೆನ್ನಾಗಿದ್ದರೆ ಸ್ವಲ್ಪ ಬಿಡುವು ಕೊಟ್ಟು ಇನ್ನೊಂದು ವಿಧಾನ ನೋಡಬಹುದು. ಇಲ್ಲದಿದ್ದರೆ ಸಿಸೇರಿಯನ್. ಅದು ಅವಳ ಸೋಲಲ್ಲ, "ದುಡ್ಡಿಗೋಸ್ಕರ ಕೊಯ್ದರು" ಅಂತ ಪ್ರತಿ ಸಲ ಹೇಳುವುದೂ ನ್ಯಾಯ ಅಲ್ಲ. ಯಾಕೆ ಮಾಡಿದಿರಿ ಅಂತ ಮರ್ಯಾದೆಯಿಂದ ಕೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಕಾರಣ ಬರೆಸಿಕೊಳ್ಳಿ. ಮುಂದಿನ ಹೆರಿಗೆಗೆ ಅದು ಬೇಕು.

ಸಹಿ ಯಾರದ್ದು?

ಇದು ಜೀವದ ಪ್ರಶ್ನೆ, ಕಿವಿಗೊಟ್ಟು ಕೇಳಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಆಪರೇಷನ್ ಬೇಕು ಅಂತ ಡಾಕ್ಟರು ಹೇಳುತ್ತಾರೆ. ಮನೆಯವರು "ಗಲ್ಫಿನಲ್ಲಿರುವ ಗಂಡನನ್ನು ಕೇಳಬೇಕು" ಅಂತ ಫೋನ್ ಹಚ್ಚುತ್ತಾರೆ. ಗಂಡ ಸೈಟಿನಲ್ಲಿ, ಫೋನ್ ಲಾಕರಿನಲ್ಲಿ. ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆಯನ್ನು ಆಮೇಲೆ ಯಾರೂ ವಾಪಸು ಕೊಡುವುದಿಲ್ಲ.

ಕಾನೂನು ಸ್ಪಷ್ಟ ಉಂಟು. ಪ್ರಾಯಕ್ಕೆ ಬಂದ, ಎಚ್ಚರ ಇರುವ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ ಅಂತ 2008ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ತಾಯಿ ಕೊಟ್ಟ ಒಪ್ಪಿಗೆಯನ್ನೂ ಕೋರ್ಟ್ ಮಾನ್ಯ ಮಾಡಲಿಲ್ಲ. ಅಂದರೆ ನಿಮ್ಮ ಹೆಂಡತಿಯ ಸಹಿ ಸಾಕು. ಆದ್ದರಿಂದ ಅಡ್ಮಿಟ್ ಆಗುವ ಮೊದಲೇ ಮನೆಯವರೆಲ್ಲರ ಎದುರು ನೀವು ಬಾಯಿಬಿಟ್ಟು ಹೇಳಿ: "ಅವಳೂ ಡಾಕ್ಟರೂ ಏನು ತೀರ್ಮಾನ ಮಾಡಿದರೂ ನನಗೆ ಒಪ್ಪಿಗೆ, ನನ್ನ ಫೋನಿಗೆ ಕಾಯಬೇಡಿ." ಒಂದು ವಾಯ್ಸ್ ಮೆಸೇಜ್ ಮನೆಯ ಗ್ರೂಪಿಗೆ ಹಾಕಿ. ದೂರದಲ್ಲಿರುವ ಗಂಡ ಮಾಡಬಹುದಾದ ಅತಿ ದೊಡ್ಡ ಸಹಾಯ ಇದು. ದುಆ ಮಾಡುವುದು, ಯಾಸೀನ್ ಓದುವುದು ಇದರ ಜೊತೆಗೆ.

ಆಸ್ಪತ್ರೆಯಲ್ಲಿ ಒಬ್ಬರೇ ಮಾತಾಡುವವರು ಇರಲಿ, ಅವಳ ಉಮ್ಮನೋ ಅಕ್ಕನೋ. ಆರು ಗಂಟೆಗೊಮ್ಮೆ ಅವರೇ ನಿಮಗೆ ತಿಳಿಸಲಿ. ಮಧ್ಯದಲ್ಲಿ ಫೋನ್ ಬಾರದಿದ್ದರೆ ಕೆಟ್ಟ ಸುದ್ದಿ ಅಂತ ತಿಳಿಯಬೇಡಿ, ಲೇಬರ್ ವಾರ್ಡಿನೊಳಗೆ ಅನೇಕ ಕಡೆ ಫೋನ್ ಬಿಡುವುದಿಲ್ಲ.

ಹಣ, ರಜೆ, ಕಾಗದ

ಇದು ನಮ್ಮ ಕಸುಬು, ಬೇಗ ಹೇಳಿ ಮುಗಿಸುತ್ತೇವೆ.

ಖಾಸಗಿ ಆಸ್ಪತ್ರೆಯಲ್ಲಿ "ನಾರ್ಮಲ್ ಪ್ಯಾಕೇಜ್" ಎಷ್ಟು ಅಂತ ಒಂದೇ ಅಂಕಿ ಕೇಳಿ ಬರಬೇಡಿ. ಮೂರು ಅಂಕಿ ಕೇಳಿ. ತಾನಾಗಿ ನೋವು ಬಂದು ಆದರೆ ಎಷ್ಟು, ನೋವು ಬರಿಸಿ ಎರಡು ದಿನ ಹೆಚ್ಚು ಇದ್ದರೆ ಎಷ್ಟು, ಕೊನೆಗೆ ಸಿಸೇರಿಯನ್ ಆದರೆ ಎಷ್ಟು. ಎನ್‌ಐಸಿಯು ದಿನಕ್ಕೆ ಎಷ್ಟು ಅಂತ ಪ್ರತ್ಯೇಕ ಕೇಳಿ. ಮೂರರಲ್ಲಿ ದೊಡ್ಡ ಅಂಕಿಗೆ ತಯಾರಿರಿ. ಆ ಹಣ ಹೆಂಡತಿಯ ಸ್ವಂತ ಖಾತೆಯಲ್ಲಿರಲಿ, ಎಟಿಎಂ ಕಾರ್ಡ್ ಅವಳ ಉಮ್ಮನ ಕೈಯಲ್ಲಿ ಇರಲಿ. ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ ಎಲ್ಲ ಉಚಿತ. ಮಂಗಳೂರಿನ ಲೇಡಿ ಗೋಷನ್ ಹೆಂಗಸರಿಗೆಂದೇ ಇರುವ ಸರಕಾರಿ ಆಸ್ಪತ್ರೆ. ಗಲ್ಫಿನವರ ಮನೆ ಅಂತ ಮರ್ಯಾದೆಗೋಸ್ಕರ ಸಾಲ ಮಾಡಿ ಖಾಸಗಿಗೆ ಹೋಗಲೇಬೇಕೆಂದಿಲ್ಲ. ತಾಯಿ ಕಾರ್ಡ್ ಮರೆಯಬೇಡಿ.

ರಜೆಯನ್ನು ಹೆರಿಗೆಯ ದಿನಕ್ಕೆ ಗುರಿಯಿಟ್ಟು ಹೊಡೆಯುವ ಬದಲು ಡೇಟಿನ ಆಸುಪಾಸಿನಿಂದ ಶುರುವಾಗುವ ಹಾಗೆ ಹಾಕಿ. ನೋವು ಮೊದಲೇ ಬಂದರೂ ಬಾಣಂತಿಯ ನಲವತ್ತರೊಳಗೆ ನೀವು ಅಲ್ಲಿರುತ್ತೀರಿ. ತಡವಾದರೂ 41 ವಾರದ ಹೊತ್ತಿಗೆ ನೀವು ಊರಲ್ಲೇ. ತಾರೀಕು ಬದಲಿಸಲು ಆಗುವ ಟಿಕೆಟ್ ತೆಗೆಯಿರಿ. ಇಲ್ಲಿ ಯುಎಇಯಲ್ಲಿ ಖಾಸಗಿ ಕಂಪೆನಿಯ ಕೆಲಸಗಾರರಿಗೆ 2021ರ ಕಾರ್ಮಿಕ ಕಾನೂನಿನ ಪ್ರಕಾರ ಮಗು ಹುಟ್ಟಿದ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದಾದ 5 ಕೆಲಸದ ದಿನಗಳ ಸಂಬಳ ಸಹಿತ ರಜೆ ಉಂಟು. ತಂದೆಗೂ ಸಿಗುತ್ತದೆ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಕೆಲಸದಲ್ಲಿರುವ ತಾಯಂದಿರಿಗೆ 60 ದಿನ, ಅದರಲ್ಲಿ 45 ಪೂರ್ತಿ ಸಂಬಳ, 15 ಅರ್ಧ. ಮನೆಕೆಲಸದವರಿಗೆ ಬೇರೆ ಕಾನೂನು, ಅದನ್ನು ಪ್ರತ್ಯೇಕ ವಿಚಾರಿಸಿ.

ಹೆರಿಗೆ ಇಲ್ಲಿಯೇ ಆಗುವುದಾದರೆ ಇನ್ಶೂರೆನ್ಸ್ ಪುಸ್ತಕದಲ್ಲಿ ಹೆರಿಗೆಯ ಮಿತಿ ಎಷ್ಟು, ಕಾಯುವ ಅವಧಿ ಉಂಟಾ, ನೋವು ಬರಿಸಲು ಮೊದಲೇ ಅನುಮತಿ ಬೇಕಾ ಅಂತ ನೋಡಿ. ಅಟೆಸ್ಟ್ ಆದ ನಿಕಾಹ್ ಸರ್ಟಿಫಿಕೇಟ್ ತಯಾರಿರಲಿ. ಮಗುವಿನ ವೀಸಾ 120 ದಿನದೊಳಗೆ ಆಗಬೇಕು, ಭಾರತೀಯ ಕಚೇರಿಯಲ್ಲಿ ಜನನ ನೋಂದಣಿ ಒಂದು ವರ್ಷದೊಳಗೆ. ಊರಿಗೆ ಕಳಿಸುವುದಾದರೆ ಏಳನೇ ತಿಂಗಳಲ್ಲೇ ಕಳಿಸಿ. ಅನೇಕ ವಿಮಾನಗಳಲ್ಲಿ 36 ವಾರದ ನಂತರ ಹತ್ತಲು ಬಿಡುವುದಿಲ್ಲ, ಅದಕ್ಕೆ ಮೊದಲೂ ಡಾಕ್ಟರ ಪತ್ರ ಕೇಳುತ್ತಾರೆ.

ಕೊನೆಯದಾಗಿ, ಆಸ್ಪತ್ರೆಗೆ ಹೋಗುವ ಮೊದಲು ಡಾಕ್ಟರ ಹತ್ತಿರ ಅವಳೇ ಕೇಳಬೇಕಾದ ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ಳಿ. ನನಗೆ ಯಾಕೆ ನೋವು ಬರಿಸುತ್ತೀರಿ? ಎರಡು ದಿನ ಕಾದರೆ ಏನಾಗಬಹುದು? ಯಾವ ವಿಧಾನದಿಂದ ಶುರು ಮಾಡುತ್ತೀರಿ? ಅದು ಹಿಡಿಯದಿದ್ದರೆ ಮುಂದೆ ಏನು? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಡೇಟಿಗೆ ಮೊದಲೇ ಆಗಲಿ, ನಂತರ ಆಗಲಿ, ಮಗು ಆಡುವುದು ಕಡಿಮೆಯಾಗಿದೆ ಅನಿಸಿದರೆ, ರಕ್ತ ಕಂಡರೆ, ನೀರು ಹೋದರೆ, ತಲೆನೋವು ಬಂದು ಕಣ್ಣು ಮಂಜಾದರೆ ಯಾರ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಊರಲ್ಲಿ 108 ಉಂಟು.

ಇಲ್ಲಿ ಕುಳಿತಿರುವ ಹುಡುಗರಲ್ಲಿ ಕೆಲವರ ಮನೆಯಲ್ಲಿ ಈಗಲೇ ತಿಂಗಳು ತುಂಬುತ್ತಾ ಬಂದಿರಬಹುದು. ಇವತ್ತು ರಾತ್ರಿ ಮನೆಗೆ ಫೋನ್ ಮಾಡುವಾಗ ರಜೆ ಯಾವಾಗ ಅಂತ ಹೇಳುವ ಮೊದಲು, ಅವಳಿಗೆ ಎಷ್ಟನೇ ವಾರ ಅಂತ ಕೇಳಿ. ಸಹಿಯ ವಿಷಯವನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ. ನಮ್ಮ ಎಲ್ಲ ತಾಯಂದಿರಿಗೂ ಮಕ್ಕಳಿಗೂ ಅಲ್ಲಾಹನು ಸುಖ ಹೆರಿಗೆ, ಆರೋಗ್ಯ, ದೀರ್ಘಾಯುಸ್ಸು ಕರುಣಿಸಲಿ, ಆಮೀನ್.